ಪೇಂಟ್ ಆಮೇಲೆ, ಮೊದಲು ನೀರು ಎಲ್ಲಿ ನಿಂತಿದೆ ನೋಡಿ

ಕರಾವಳಿಯಲ್ಲಿ ಟಿಂಕರಿಂಗ್, ಅಂದರೆ ಕಾರಿನ ತಗಡಿನ ಕೆಲಸ ಮಾಡುವವರಿಗೆ ಮಳೆಗಾಲ ಮುಗಿಯಿತೆಂದರೆ ಬಿಡುವಿಲ್ಲ. ಜೂನ್‌ನಿಂದ ನೆಂದ ಹಳೆಯ ಮಾರುತಿ 800, ಓಮ್ನಿ, ಸ್ಯಾಂಟ್ರೋಗಳು ಒಂದೊಂದಾಗಿ ಬರುತ್ತವೆ. ಎಲ್ಲರ ಮಾತೂ ಒಂದೇ: ‘ಬಾಗಿಲ ಕೆಳಗೆ ಪೇಂಟ್ ಉಬ್ಬಿದೆ, ಸ್ವಲ್ಪ ಪುಟ್ಟಿ ಹಾಕಿ ಟಚಪ್ ಮಾಡಿಕೊಡಿ.’

ನಾನು ಪೇಂಟ್ ನೋಡುವುದು ಕೊನೆಗೆ. ಮೊದಲು ಬಾಗಿಲು ತೆಗೆದು ಅಡಿಯ ಅಂಚಿಗೆ ಬೆರಳಾಡಿಸುತ್ತೇನೆ. ಗಾಜಿನ ಪಕ್ಕದಿಂದ ಒಳಗೆ ಇಳಿದ ಮಳೆನೀರು ಹೊರಗೆ ಹೋಗಲೆಂದೇ ಅಲ್ಲಿ ಸಣ್ಣ ತೂತುಗಳಿರುತ್ತವೆ. ಮಣ್ಣು, ಎಲೆಚೂರು ಸೇರಿ ಅವು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಅದಕ್ಕೇ ಅದು ಪೇಂಟನ್ನು ಮೇಲೆತ್ತುವುದು. ಬಾಗಿಲಡಿಯಲ್ಲಿ ಗುಳ್ಳೆ ಕಂಡ ಹೊತ್ತಿಗೆ ಒಳಗಿನ ತಗಡು ಸಾಕಷ್ಟು ಸವೆದಿರುತ್ತದೆ.

ಆಮೇಲೆ ಮ್ಯಾಟ್ ಎತ್ತುತ್ತೇನೆ. ಒದ್ದೆ ಚಪ್ಪಲಿ, ಒದ್ದೆ ಕೊಡೆ ಎಲ್ಲ ಇಳಿಯುವುದು ಅಲ್ಲಿಗೇ ಅಲ್ವಾ? ಮೇಲೆ ಮುಟ್ಟಿದರೆ ಒಣಗಿದಂತಿರುತ್ತದೆ, ಕೆಳಗಿನ ಫೋಮ್ ಹಿಂಡಿದರೆ ನೀರು. ಮುಂದಿನ ಗಾಜಿನ ಸುತ್ತಲ ರಬ್ಬರ್ ಪಟ್ಟಿ (ಬೀಡಿಂಗ್) ಸಡಿಲವಾಗಿದ್ದರೂ ನೀರು ಬಂದು ಸೇರುವುದು ಅಲ್ಲಿಗೇ. ನಮ್ಮ ಕಡೆ ಉಪ್ಪಿನ ಕಾಟ ಬೇರೆ. ಮರವಂತೆಯಲ್ಲಿ ಹೆದ್ದಾರಿ ಸಮುದ್ರದ ಪಕ್ಕದಲ್ಲೇ ಹೋಗುತ್ತದೆ, ಗಾಳಿಯಲ್ಲೇ ಉಪ್ಪಿದೆ. ತಗಡಿನ ಮೇಲೆ ಕೂತ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ತುಕ್ಕು ಬೇಗ ಹರಡುತ್ತದೆ.

ಹಿಂದೆ ಯಾರಾದರೂ ಪುಟ್ಟಿ ಮೆತ್ತಿದ್ದಾರಾ ಅಂತ ತಿಳಿಯಲು ಬಟ್ಟೆ ಸುತ್ತಿದ ಅಯಸ್ಕಾಂತ ಸಾಕು. ದಪ್ಪ ಪುಟ್ಟಿ ಇದ್ದಲ್ಲಿ ಅದು ಹಿಡಿಯುವುದಿಲ್ಲ. ತುಕ್ಕಿನ ಮೇಲೆ ಹಾಕಿದ ಪುಟ್ಟಿ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ತೇವ ಹೀರಿ ಮುಂದಿನ ಮಳೆಗಾಲಕ್ಕೆ ಮತ್ತೆ ಉಬ್ಬುತ್ತದೆ.

ಮೇಲುಮೇಲಿನ ತುಕ್ಕಾದರೆ ಕೆಲಸ ಸುಲಭ. ತಗಡು ಬೆಳ್ಳಗೆ ಹೊಳೆಯುವವರೆಗೆ ಉಜ್ಜಬೇಕು. ಸಣ್ಣ ಗುಳಿಗಳಲ್ಲಿ ಉಳಿದ ಕಪ್ಪಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರವ) ಹಚ್ಚಿ, ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಹೇಳಿದ ಹಾಗೆ ಒರೆಸಿ ಒಣಗಿಸಬೇಕು. ಅದರ ಮೇಲೆ ಎಪಾಕ್ಸಿ ಪ್ರೈಮರ್, ಅಂದರೆ ಪೇಂಟಿಗೆ ಮುಂಚೆ ಹಾಕುವ, ನೀರು ತಡೆಯುವ ಪದರ. ಮಾಮೂಲಿ ಪ್ರೈಮರ್ ಅಗ್ಗ, ಆದರೆ ನೀರನ್ನು ಅಷ್ಟಾಗಿ ತಡೆಯುವುದಿಲ್ಲ. ಪುಟ್ಟಿ ಬೇಕೇಬೇಕಾದರೆ ಎಪಾಕ್ಸಿ ಒಣಗಿದ ಮೇಲೆ, ತೆಳ್ಳಗೆ.

ತೂತು ಬಿದ್ದಿದ್ದರೆ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಲೇಬೇಕು. ಇಲ್ಲಿ ಜಿಪುಣತನ ಬೇಡ. ಕೊಳೆತ ಅಂಚಿಗೆ ವೆಲ್ಡ್ ನಿಲ್ಲುವುದಿಲ್ಲ, ಸುಟ್ಟು ತೂತು ದೊಡ್ಡದಾಗುತ್ತದೆ. ಬ್ಯಾಟರಿ ಕಳಚಿ, ಸೀಟು, ಮ್ಯಾಟ್ ಹೊರಗಿಟ್ಟು, ಸಿಒಟು (CO2 ಗ್ಯಾಸ್) ವೆಲ್ಡಿಂಗ್‌ನಲ್ಲಿ ಒಂದೊಂದೇ ಚುಕ್ಕಿ ಹಾಕುತ್ತ ಹೋಗುತ್ತೇವೆ. ಒಂದೇ ಸಮನೆ ಎಳೆದರೆ ತೆಳು ತಗಡು ಕಾವಿಗೆ ಸೊಟ್ಟಗಾಗುತ್ತದೆ. ವೆಲ್ಡ್ ಕಾವಿಗೆ ಹಿಂಬದಿಯ ಪೇಂಟೂ ಸುಡುತ್ತದೆ, ಇದನ್ನು ಮರೆಯುವವರೇ ಜಾಸ್ತಿ. ಬ್ರಷ್ ಹೋಗದ ಆ ಜಾಗಕ್ಕೆ ಸಣ್ಣ ಪೈಪಿನಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗದ ತುಕ್ಕು ತಡೆಯುವ ಮೇಣ) ಬಿಡಬೇಕು.

ಇನ್ನು ಕಾರಿನ ಅಡಿಭಾಗಕ್ಕೆ ಬಳಿಯುವ ಕಪ್ಪು ಕೋಟಿಂಗ್. ಹೊಸ ಕಾರಿಗಾದರೆ ನನ್ನ ತಕರಾರಿಲ್ಲ. ತುಕ್ಕು ಹಿಡಿದ ತಗಡಿಗೆ ಹಾಗೇ ಬಳಿದರೆ ಕೋಟಿಂಗ್ ಬಿರುಕು ಬಿಟ್ಟು, ನೀರು ನಡುವೆ ಸೇರಿ, ಒಳಗೊಳಗೇ ತಿನ್ನುತ್ತದೆ. ಮೇಲಿಂದ ಏನೂ ಗೊತ್ತಾಗದ ಕಾರಣ ಬರೀ ತುಕ್ಕಿಗಿಂತ ಇದೇ ಕೆಟ್ಟದ್ದು.

15 ವರ್ಷ ತುಂಬಿದ ಕಾರಿನ ಆರ್‌ಸಿ (ನೋಂದಣಿ ಪತ್ರ) ರಿನ್ಯೂವಲ್‌ಗೆ ಮುಂಚೆ ಈ ಬೇಡಿಕೆ ಜೋರು. ‘ಸುಮ್ನೆ ಒಂದು ಪ್ಯಾಚ್ ಹೊಡೆದು ಕಪ್ಪು ಬಳಿದುಬಿಡಿ’ ಅನ್ನುತ್ತಾರೆ. ಇಂಥ ಕಾರುಗಳಿಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರುವುದು. ಹಾಗಾಗಿ ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಸಸ್ಪೆನ್ಷನ್ ಕೂರುವ ಜಾಗ ಕೊಳೆತಿದ್ದರೆ ಪ್ಯಾಚ್ ಕೆಲಸ ನಾನು ಹಿಡಿಯುವುದಿಲ್ಲ. ಮಾಲೀಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಜ್ಯಾಕ್ ಕೊಡುತ್ತೇನೆ. ಕಾರು ಏಳುವ ಬದಲು ಜ್ಯಾಕ್ ತಗಡಿನೊಳಗೆ ಹೋದರೆ ಹೆಚ್ಚು ಮಾತು ಬೇಕಾಗುವುದಿಲ್ಲ. ಆದರೂ ಕೆಲವರು ಬೇರೆ ಗ್ಯಾರೇಜಿಗೆ ಹೋಗುತ್ತಾರೆ, ಹೋಗಲಿ.