ನಮ್ಮ ಜೇಸಿಬಿ ಮರಿಗೆ ನಡಿಯೋದು ಕಲಿಸಿದ್ವಿ

ನಮ್ಮ ಮಷಿನ್ ನೋಡಿದವ್ರು ಮೊದ್ಲು ಕೇಳೋದು "ಇದೇನ್ರಿ, ಜೇಸಿಬಿ ಮರಿ ಹಾಕೈತೇನು" ಅಂತ. ಹಂಗೇ ಅನ್ಕೊಳ್ರಿ. ಕುಷ್ಟಗಿ ಕಡೆ ಒಂದು ಗ್ರಾನೈಟ್ ಕ್ವಾರಿ ಬಂದ್ ಆದಾಗ ಗುಜರಿ ರೇಟಿಗೆ ಸಿಕ್ಕಿದ್ದು. ಒಂದು ಬೂಮ್ ಅಂದ್ರ ಅಗಿಯೋ ತೋಳು, ಒಂದು ಬಕೆಟ್, ಸೀಟು, 10 ಎಚ್‌ಪಿ ಸಿಂಗಲ್ ಸಿಲಿಂಡರ್ ಡೀಸೆಲ್ ಇಂಜಿನ್, ಹಿಂದ ಎರಡು ಗಾಲಿ, ಮುಂದ ಎರಡು ಕಬ್ಬಿಣದ ಕಾಲು, ಎಲ್ಲಾ ಸೇರಿ 1200 ಕೆಜಿ. ಗಾಲಿ ಅದಾವು ಖರೆ, ಆದ್ರ ಅವು ಬರೇ ಟ್ರ್ಯಾಕ್ಟರ್ ಹಿಂದ ಕಟ್ಟಿ ಎಳಕೊಂಡು ಹೋಗಾಕ. ಹೊಲದಾಗ ಮುಂದ ಸರೀಬೇಕಂದ್ರ ಬಕೆಟ್ ದೂರ ಊರಬೇಕು, ಕಾಲು ಎತ್ತಬೇಕು, ಬೂಮ್ ಒಳಗ ಎಳಕೋಬೇಕು, ಆಗ ಮಷಿನ್ ಮಾರುದ್ದ ಮುಂದ ಬರ್ತೈತಿ, ಮತ್ತ ಕಾಲು ಇಳಸು, ಮತ್ತ ಬಕೆಟ್ ಊರು. ಕೂಸು ಅಂಬೆಗಾಲು ಇಟ್ಟಂಗ.

ನಮ್ಮದು ಗಂಗಾವತಿ ಕಡೆ, ತುಂಗಭದ್ರಾ (ಟಿಬಿ) ಡ್ಯಾಮಿನ ಎಡದಂಡೆ ಕಾಲುವಿ ನೀರು, ಎರಿ ಭೂಮಿ, ಭತ್ತ. ಬ್ಯಾಸಗ್ಯಾಗ ಕಾಲುವಿ ಬಂದ್ ಇದ್ದಾಗಲೇ ಬಸಿಗಾಲುವಿ ಹೂಳು ತಗೀಬೇಕು. ದೊಡ್ಡ ಜೇಸಿಬಿ ಕರಿಸಿದ್ರ ಏಳೆಂಟು ಟನ್ನಿನ ಆ ಆನಿ ಬದು ಒಡಕೊಂಡು ಹೋಗ್ತೈತಿ, ಆಮ್ಯಾಲೆ ಬದು ಹಾಕಾಕ ಮತ್ತ ಆಳು ಹಚ್ಚಬೇಕು. ಮರಿ ಬದು ಮುರಿಯಂಗಿಲ್ಲ, ಆದ್ರ ಅರ್ಧ ದಿನ ತೆವಳೋದ್ರಾಗೇ ಹೋಗ್ತಿತ್ತು, ಅಪ್ಪಾರು ಸಂಜಿಗೆ ಇಳದ್ರ ರಟ್ಟಿ ಹಿಡ್ಕೊಂಡು ಕುಂದ್ರತಿದ್ರು.

ಅದಕ್ಕ ಗಾಲಿಗೆ ಡ್ರೈವ್ ಕೊಡೋಣ ಅಂತ ಲೇತ್ ಚಾಚಾನ ಹತ್ರ ಹೋದ್ವಿ. ಚಾಚಾ ಮೊದ್ಲು ಹೇಳಿದ್ದು ಸುಲಭದ ದಾರಿ, ಒಂದೇ ಹೈಡ್ರಾಲಿಕ್ ಮೋಟರ್ (ಆಯಿಲ್ ಪ್ರೆಷರಿಂದ ತಿರುಗೋದು) ಹಾಕ್ರಿ, ಯಾವ್ದಾದ್ರೂ ಹಳೇ ಗಾಡಿ ಅಚ್ಚಿನ ಹೌಸಿಂಗ್ ತಂದು ಚೈನ್ ಕೊಡ್ರಿ ಅಂತ. ಚೈನ್ ಅಂದದ್ದೇ ತಡ ಅಪ್ಪಾರು "ಬ್ಯಾಡ ಬ್ಯಾಡ, ಚೈನಿನ ಮಾತು ಎತ್ತಬ್ಯಾಡ" ಅಂದ್ಬಿಟ್ರು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ಕಟ್ಟಾಗಿ ಗೇಟೇ ಕೊಚ್ಚಿಕೊಂಡು ಹೋತಲ್ಲ, ಆವತ್ತಿಂದ ನಮ್ಮ ಅಪ್ಪಾರಿಗೆ ಚೈನ್ ಅಂದ್ರ ಆಗಂಗಿಲ್ಲ, ಸೈಕಲ್ ಚೈನ್ ಕಂಡ್ರೂ ಸಿಟ್ಟು. ಹಂಗಾಗಿ ಒಂದೊಂದು ಗಾಲಿಗೆ ಒಂದೊಂದು ಮೋಟರ್ ಅಂತ ಆತು.

ಲೆಕ್ಕ ಹಾಕಿದ್ದು ಇಷ್ಟ. ಏರಿ ಹತ್ತೋವಾಗ ಐದಡಿಗೆ ಒಂದಡಿ ಏರು, ಕೆಳಗ ಮೆತ್ತನ ಮಣ್ಣು, ಎರಡೂ ಸೇರಿದ್ರ 1200 ಕೆಜಿ ತಳ್ಳಾಕ ಸುಮಾರು 400 ಕೆಜಿ ತಾಕತ್ತು ಬೇಕು. ಪವರ್ ಟಿಲ್ಲರ್ ಲಗ್ ಟೈರ್ ಎರಡಡಿ ಎತ್ತರ, ಅಂದ್ರ ಒಂದೊಂದು ಗಾಲಿಗೆ 600 ನ್ಯೂಟನ್ ಮೀಟರ್ ಟಾರ್ಕ್, ಅಂದ್ರ ತಿರುಗಿಸೋ ತಾಕತ್ತು. ಒಂದು ಸುತ್ತಿಗೆ 315 ಸಿಸಿ ಆಯಿಲ್ ತಗೊಳೋ ಆರ್ಬಿಟ್ ಮೋಟರ್ (ನಿಧಾನ ತಿರುಗಿ ಜೋರು ತಾಕತ್ತು ಕೊಡೋ ಹೈಡ್ರಾಲಿಕ್ ಮೋಟರ್) 140 ಬಾರ್ ಪ್ರೆಷರ್‌ನ್ಯಾಗ ಇಷ್ಟು ಕೊಡ್ತೈತಿ. ಆಯಿಲ್ ಪಂಪ್ ನಿಮಿಷಕ್ಕ 20 ಲೀಟರಿಂದು, ಎರಡಕ್ಕ ಹಂಚಿದ್ರ ತಲಾ 10, ಗಾಲಿ ನಿಮಿಷಕ್ಕ 31-32 ಸುತ್ತು, ಗಂಟೆಗೆ ಮೂರೂವರಿ ಕಿಲೋಮೀಟರ್. ಎಮ್ಮಿ ಮನಿಗೆ ಬಂದಂಗ ಬರ್ತೈತಿ, ಸಾಕಲ್ಲ. ಮೋಟರ್ ಶಾಫ್ಟ್ ಮ್ಯಾಲೆ ಮಷಿನ್ ಭಾರ ಬೀಳಬಾರದು ಅಂತ ಚಾಚಾ ಹಬ್ ಕಡದು ಎರಡೆರಡು ಟೇಪರ್ ಬೇರಿಂಗ್ ಕೂಡಿಸಿದ. ಭಾರ ಹೊರೋದು ಬೇರಿಂಗ್, ತಿರುಗಿಸೋದಷ್ಟೇ ಮೋಟರ್. ಆ ಕೆಲಸ ಮಾತ್ರ ಎರಡು ಮಾತಿಲ್ಲ, ಇವತ್ತಿಗೂ ಒಂದು ಕೂದಲೆಳಿ ಆಟ ಇಲ್ಲ. ಮುಂದ ತಿರುಗೋ ಒಂದು ಸಣ್ಣ ಗಾಲಿ ಹಾಕಿದ್ವಿ.

ಹೊಲಕ್ಕ ಇಳಿಸಿದ ದಿನವೇ ಎಡಗಾಲಿ ರಾಡಿಯಾಗ ಸಿಕ್ಕು ಗರಗರ ತಿರುಗಾಕ ಹತ್ತಿತು, ಬಲಗಾಲಿ ಮಾತ್ರ ಮಿಸುಕಲಿಲ್ಲ. ಒಂದೇ ಲಿವರಿಂದ ಎರಡಕ್ಕೂ ಲೈನ್ ಹೋಗಿತ್ತಲ್ಲ, ಆಯಿಲ್ ಅಂದ್ರ ಸೋಮಾರಿ, ಎಲ್ಲಿ ಹಗುರ ಐತೋ ಅಲ್ಲೇ ನುಗ್ತೈತಿ. ನಾನು ಬಹಳ ಶಾಣ್ಯಾ ಆಗಿ ಒಂದರ ಹಿಂದ ಒಂದು ಸೀರೀಸ್ ಜೋಡಿಸಿದೆ, ಆಗ ಎರಡೂ ಸಮ ತಿರುಗಲೇಬೇಕು. ತಿರುಗಿದ್ವು. ಆದ್ರ ಪ್ರೆಷರ್ ಎರಡಕ್ಕೂ ಹಂಚಿ ಹೋತಲ್ಲ, ಏರಿ ಹತ್ತಲಿಲ್ಲ, ಮ್ಯಾಲೆ ಮೊದಲನೇ ಮೋಟರಿನ ಹೊರಬಾಯಾಗೇ ಪ್ರೆಷರ್ ನಿಂತು ಅದು ಒಳಗಿಂದ ಸೀಲಿಗೆ ಬಂದು ಶಾಫ್ಟ್ ಸೀಲ್ ಒದ್ಕೊಂಡು ಹೊರಗ ಬಂತು, ನನ್ನ ಪ್ಯಾಂಟು, ಭತ್ತದ ಕೂಳಿ ಎಲ್ಲಾ ಆಯಿಲ್. ಮೋಟರ್ ಮೈಮ್ಯಾಲೆ ಡ್ರೇನ್ ತೂತು ಇರ್ತೈತಿ, ಅದಕ್ಕೊಂದು ಸಣ್ಣ ಪೈಪ್ ಹಾಕಿ ಸೀದಾ ಟ್ಯಾಂಕಿಗೆ ಬಿಡಬೇಕಿತ್ತು. ನಾನು ಪ್ಲಗ್ ಹೊಡದು ಕುಂತಿದ್ದೆ.

ಕಡಿಗೆ ಸೀರೀಸ್ ಬಿಚ್ಚಿ ಎರಡು ಲಿವರ್ ಮಾಡಿದ್ವಿ, ಎಡಗಾಲಿಗೊಂದು ಬಲಗಾಲಿಗೊಂದು, ಡ್ರೇನ್ ಪೈಪೂ ಹಾಕಿದ್ವಿ. ರಾಡಿಯಾಗ ಸುಮ್ನ ಗರಗರ ತಿರುಗೋ ಗಾಲಿಯ ಲಿವರ್ ಸ್ವಲ್ಪ ಹಿಂದ ಎಳದ್ರ ಆಯಿಲ್ ಇನ್ನೊಂದಕ್ಕ ಹೋಗ್ತೈತಿ, ತಿರುವೂ ಅದರಿಂದಾನೇ, ಸ್ಟೀರಿಂಗ್ ಬೇಕಾಗಿಲ್ಲ.

ಖರೇ ಫಜೀತಿ ಆಮ್ಯಾಲೆ ಆತು. ಏರಿ ಹತ್ತಿ ಆಕಡೆ ಇಳಿಯೋವಾಗ ಅಪ್ಪಾರು ನಿಲ್ಲಿಸಾಕ ಅಂತ ಲಿವರ್ ಬಿಟ್ರು. ಮಷಿನ್ ನಿಲ್ಲಲಿಲ್ಲ. ಸುಮ್ನ ಜಾರಿಕೊಂಡು ಬಸಿಗಾಲುವಿ ಕಡೆ ಹೊಂಟಿತು, ನಾನು ಹಿಂದಿಂದ ಹಗ್ಗ ಹಿಡ್ಕೊಂಡಂಗ ಖಾಲಿ ಕೈ ಚಾಚ್ಕೊಂಡು ಓಡಾಕತ್ತೀನಿ, ಬಾಯಾಗ ಮಾತಿಲ್ಲ. ಅಪ್ಪಾರು ಮಾತ್ರ ಒಂದು ಕ್ಷಣ ತಡಮಾಡ್ಲಿಲ್ಲ, ಬೂಮ್ ಲಿವರ್ ಒತ್ತಿ ಬಕೆಟ್ ನೆಲಕ್ಕ ಊರಿದ್ರು, ಹಲ್ಲು ಮೂರು ಗೆರಿ ಎಳಕೊಂಡು ಹೋಗಿ ಕಾಲುವಿ ಅಂಚಿಗೆ ನಿಂತಿತು. ಎರಡು ವರ್ಷ ತೆವಳಿಸಿದ ಕೈ ಅದು.

ನಾನು ಹೊಸಪೇಟಿಗೆ ಆ ಲಿವರ್ ವಾಲ್ವ್ ತಂದ ಅಂಗಡಿಗೆ ಹೋಗಿ ಜಗಳಾ ತಗದೆ, ಎಂಥಾ ವಾಲ್ವ್ ಕೊಟ್ಟೀರಿ ಅಂತ. ಅವ್ರು ಚಹಾ ತರಿಸಿ ಕುಂದ್ರಿಸಿದ್ರು. ವಾಲ್ವ್ ಸರಿನೇ ಇತ್ತಂತ. ಸ್ಪೂಲ್ ಅಂದ್ರ ಲಿವರ್ ಜೋಡಿ ವಾಲ್ವ್ ಒಳಗ ಸರಿದಾಡಿ ಆಯಿಲ್ ದಾರಿ ತಗದು ಮುಚ್ಚೋ ದಂಡ. ನಮ್ಮದ್ರಾಗ ಇದ್ದದ್ದು ಮೋಟರ್ ಸ್ಪೂಲ್, ಅಂದ್ರ ನ್ಯೂಟ್ರಲ್‌ನ್ಯಾಗ ಎರಡೂ ಲೈನ್ ಟ್ಯಾಂಕಿಗೆ ತೆರೆದಿರ್ತಾವು, ಗಾಲಿ ತಾನೇ ಉಳ್ಳತೈತಿ. ಸಿಲಿಂಡರ್ ಸ್ಪೂಲ್ ಹಾಕಿದ್ರ ಲೈನ್ ಮುಚ್ಚಿ ನಿಲ್ತಿತ್ತು, ಆದ್ರ ಲಿವರ್ ಒತ್ತಿಕೊಂಡು ಇಳಿಯೋವಾಗ ಪಂಪ್ ಕೊಡೋದಕ್ಕಿಂತ ಜೋರು ಗಾಲಿ ಓಡಿ ಮೋಟರೇ ಪಂಪ್ ಆಗಿಬಿಡ್ತೈತಿ, ಅದನ್ನ ಆ ಸ್ಪೂಲೂ ತಡಿಯಂಗಿಲ್ಲ. ಬೇಕಾಗಿದ್ದು ಕೌಂಟರ್‌ಬ್ಯಾಲೆನ್ಸ್ ವಾಲ್ವ್. ಮೋಟರಿನ ಬಾಯಾಗೇ ಕುಂದ್ರತೈತಿ, ಪಂಪ್ ಕಡಿಯಿಂದ ಪ್ರೆಷರ್ ಬಂದ್ರ ಮಾತ್ರ ಹೊರಗ ಹೋಗೋ ಬಾಗ್ಲಾ ತಗೀತೈತಿ, ಗಾಲಿ ಓಡಾಕ ನೋಡಿದ್ರ ಆ ಪ್ರೆಷರ್ ಇಳದು ಬಾಗ್ಲಾ ತಾನೇ ಮುಚ್ಚತೈತಿ. ಲಿವರ್ ಬಿಟ್ಟಾಗ ಅದು ಪೂರ್ತಿ ಮುಚ್ಚಬೇಕಂದ್ರ ಹಿಂದಿನ ಲೈನಿನ್ಯಾಗ ಪ್ರೆಷರ್ ಉಳೀಬಾರದು, ಅಂದ್ರ ನಾನು ಬೈದ ಆ ಮೋಟರ್ ಸ್ಪೂಲೇ ಬೇಕು! ಚಹಾ ಕುಡದು, ಸುಮ್ನ ಎರಡು ಜೋಡಿ ವಾಲ್ವ್ ತಗೊಂಡು ಬಂದೆ.

ಈಗ ಇಳಿಜಾರಿನ್ಯಾಗ ಲಿವರ್ ಬಿಟ್ರ ಅಲ್ಲೇ ನಿಲ್ತೈತಿ. ಆರ್ಬಿಟ್ ಮೋಟರ್ ಒಳಗ ಸ್ವಲ್ಪ ಸೋರ್ತೈತಿ, ಹಂಗಾಗಿ ಊಟಕ್ಕ ಹೋದಾಗ ಗೇಣುದ್ದ ಜರಗಿರ್ತೈತಿ, ಅದಕ್ಕ ಗಾಲಿಗೆ ಅಡ್ಡ ಒಂದು ಪಿನ್ ಮಾಡಿಸೀನಿ. ಮಧ್ಯಾಹ್ನ ಬಿಸಿಲಿನ್ಯಾಗ ಆಯಿಲ್ ಟ್ಯಾಂಕ್ ಕೈ ಇಡಾಕ ಆಗಂಗಿಲ್ಲ, ಕೂಲರ್ ಹಾಕೋದು ಬಾಕಿ ಐತಿ, ಚಾಚಾ ಹಳೇ ಕಾರ್ ರೇಡಿಯೇಟರ್ ಸಾಕಂತಾನ, ನನಗ ನಂಬಿಕಿ ಇಲ್ಲ.

ಅಪ್ಪಾರಿಗೆ ಮಾತ್ರ ನನ್ನ ವಾಲ್ವ್ ಮ್ಯಾಲೂ ನಂಬಿಕಿ ಇಲ್ಲ. ಏರಿ ಇಳಿಯೋವಾಗ ಈಗ್ಲೂ ಬಕೆಟ್ ನೆಲಕ್ಕ ಒಂದು ಗೇಣು ಮ್ಯಾಲೆ ಹಿಡ್ಕೊಂಡೇ ಇಳಿತಾರ.