ತುಪ್ಪದ ಬಟ್ಟಲಲ್ಲಿ ಅರವತ್ತರ ಮುಖ

ಅರವತ್ತು ತುಂಬಿದವರಿಗೆ ಷಷ್ಟ್ಯಬ್ದಿ ಶಾಂತಿ ಮಾಡಿಸುವ ಮನೆಯವರು ಮೊದಲು ಎಡವುವುದು ತಾರೀಕಿನಲ್ಲಿ. ಈಗ ಅರವತ್ತರ ಹೊಸ್ತಿಲಲ್ಲಿರುವ ಎಷ್ಟೋ ಜನರ ಆಧಾರ್ ಕಾರ್ಡಿನಲ್ಲಿರುವುದು ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಅಂದಾಜಿಗೆ ಬರೆದ ಜನ್ಮದಿನ. ನಿವೃತ್ತಿಗೆ ಅದು ನಡೆಯುತ್ತದೆ, ಶಾಂತಿಗೆ ನಡೆಯದು. ಇಲ್ಲಿ ಬೇಕಾದದ್ದು ಹುಟ್ಟಿದ ಸಂವತ್ಸರ, ಮಾಸ, ಪಕ್ಷ, ತಿಥಿ. ಸೌರಮಾನ ಹಿಡಿದವರಿಗೆ ಸೌರಮಾಸ ಮತ್ತು ನಕ್ಷತ್ರ. ಸಂವತ್ಸರ ಬದಲಾಗುವುದು ಯುಗಾದಿಗೆ, ಜನವರಿ ಒಂದಕ್ಕಲ್ಲ. ಹಾಗಾಗಿ 1966ರ ಫೆಬ್ರವರಿಯಲ್ಲಿ ಹುಟ್ಟಿದವರು ವಿಶ್ವಾವಸು ಸಂವತ್ಸರದವರು, ಆ ವರ್ಷದ ಯುಗಾದಿ ಕಳೆದ ಮೇಲೆ ಹುಟ್ಟಿದವರು ಪರಾಭವದವರು. 1966ರ ಜ್ಯೇಷ್ಠದಲ್ಲಿ ಹುಟ್ಟಿದವರು ಇನ್ನೂ ಒಂದು ನೋಡಿಕೊಳ್ಳಬೇಕು. 2026ರಲ್ಲಿ ಅಧಿಕ ಜ್ಯೇಷ್ಠ, ಅಂದರೆ ಹೆಚ್ಚುವರಿ ಜ್ಯೇಷ್ಠ ಮಾಸ, ಬರುತ್ತದೆ. ಶಾಂತಿ ಇಟ್ಟುಕೊಳ್ಳಬೇಕಾದದ್ದು ಅದರ ನಂತರದ ನಿಜ ಜ್ಯೇಷ್ಠದಲ್ಲಿ.

ಅರವತ್ತಕ್ಕೇ ಇಷ್ಟೊಂದು ಮಹತ್ವ ಏಕೆಂದರೆ, ಗುರು ರಾಶಿಚಕ್ರ ಸುತ್ತಲು ಸುಮಾರು 12 ವರ್ಷ, ಶನಿಗೆ ಸುಮಾರು 30. ಗುರುವಿನ ಐದು ಸುತ್ತು, ಶನಿಯ ಎರಡು ಸುತ್ತು ಮುಗಿದಾಗ ಇಬ್ಬರೂ ನಾವು ಹುಟ್ಟಿದಾಗ ಇದ್ದ ಜಾಗದ ಆಸುಪಾಸಿಗೆ ಮರಳಿರುತ್ತಾರೆ. ಪ್ರಭವದಿಂದ ಕ್ಷಯದವರೆಗಿನ ಅರವತ್ತು ಸಂವತ್ಸರಗಳ ಸುತ್ತೂ ತುಂಬಿ, ಹುಟ್ಟಿದ ಸಂವತ್ಸರವೇ ಬಾಗಿಲಿಗೆ ಬಂದಿರುತ್ತದೆ. ಅರವತ್ತರದು ಉಗ್ರರಥ ಶಾಂತಿ, ಎಪ್ಪತ್ತರದು ಭೀಮರಥ. ಸಾವಿರ ಹುಣ್ಣಿಮೆಯ ಸಹಸ್ರಚಂದ್ರದರ್ಶನ ಲೆಕ್ಕದಂತೆ 80 ವರ್ಷ 10 ತಿಂಗಳಿಗೆ ಬೀಳುತ್ತದೆ, ಅಧಿಕಮಾಸಗಳ ಹುಣ್ಣಿಮೆಯೂ ಸೇರುವುದರಿಂದ.

ಪುಣ್ಯಾಹ, ನಾಂದಿ, ಕಲಶಸ್ಥಾಪನೆ, ನವಗ್ರಹ ಪೂಜೆ ಪುರೋಹಿತರ ಪದ್ಧತಿಯಂತೆ ಸಾಗುತ್ತವೆ. ಮನೆಯವರು ಗಮನ ಕೊಡಬೇಕಾದದ್ದು ಮೃತ್ಯುಂಜಯ ಹೋಮದ ಅಮೃತಬಳ್ಳಿಗೆ. ನಾಲ್ಕು ಅಂಗುಲದ ತುಂಡುಗಳು ಬೇಕು, ಪೆನ್ಸಿಲ್ ದಪ್ಪ ಇದ್ದರೆ ಒಳ್ಳೆಯದು. 108 ಆಹುತಿ ಎಂದರೆ 120 ತುಂಡು ಕತ್ತರಿಸಿಡಿ, ಒಂದಷ್ಟು ಒಡಕು ಬರುತ್ತವೆ. ಆಗಷ್ಟೇ ಕೊಯ್ದ ಬಳ್ಳಿ ನೀರು ಬಿಡುತ್ತದೆ, ಬೆಂಕಿ ಮಂಕಾಗಿ ಹೊಗೆ ಏಳುತ್ತದೆ. ಹಿಂದಿನ ದಿನವೇ ಕತ್ತರಿಸಿ ನೆರಳಲ್ಲಿ ಹರವಿ. ಗರಿಕೆಯನ್ನೂ ತೊಳೆದು ನೀರು ಆರಿಸಿಯೇ ಕೊಡಬೇಕು. ಹೊಗೆಗೆ ಕೆಮ್ಮುತ್ತ ಕೂರುವವರು ಬೇರೆ ಯಾರೂ ಅಲ್ಲ, ಅರವತ್ತಾದವರೇ.

ಇಡೀ ದಿನದಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆಜ್ಯಾವಲೋಕನ. ಕಂಚಿನ ಬಟ್ಟಲಲ್ಲಿ ತುಪ್ಪ ಹಾಕಿ, ಅದರಲ್ಲಿ ತನ್ನ ಮುಖ ನೋಡಿ, ಬಟ್ಟಲು ಸಮೇತ ದಕ್ಷಿಣೆಯೊಡನೆ ದಾನ ಕೊಡುವುದು. ಬಟ್ಟಲು ಅಗಲವಾಗಿರಲಿ, ಚೊಂಬಿನಂಥ ಪಾತ್ರೆಯಲ್ಲಿ ಅರ್ಧ ಹಣೆಯೂ ಕಾಣದು. ಕಾಲು ಕೆಜಿ ತುಪ್ಪ ಧಾರಾಳವಾಯಿತು. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಅದು ಹೆಪ್ಪುಗಟ್ಟಿರುತ್ತದೆ. ಹೆಪ್ಪಾದ ತುಪ್ಪದ ಮುಂದೆ ಯಜಮಾನರು ಬಗ್ಗಿ, ಏನೂ ಕಾಣದೆ, ‘ಆಯ್ತು’ ಎಂದು ಏಳುವುದು ನಿತ್ಯ ನಡೆಯುವ ಸಂಗತಿ. ಬಿಸಿನೀರಿನ ತಟ್ಟೆಯಲ್ಲಿ ಬಟ್ಟಲಿಟ್ಟು ಪೂರ್ತಿ ಕರಗಿಸಿ, ತಿಳಿಯಾಗಿಸಿ, ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಿ, ಕನ್ನಡಕ ಕೈಗೆ ಕೊಡಿ. ಆಗ ಕಾಣುತ್ತದೆ: ಹಳದಿ ಬೆಳಕಿನೊಳಗೆ ನರೆತ ಹುಬ್ಬು, ಇಳಿದ ಕೆನ್ನೆ, ಮೂಗಿನ ಪಕ್ಕದ ಗೆರೆ. ‘ಆಜ್ಯಂ ತೇಜಃ’ ಎಂದು ಮಂತ್ರ ಹೇಳುತ್ತಿರುವಾಗ ಈ ಮುಖವನ್ನು ದೇವರ ಎದುರು ಒಪ್ಪಿಕೊಂಡು, ಅದರ ನೆರಳನ್ನು ಕೊಟ್ಟುಬಿಡಬೇಕು. ಕೂದಲಿಗೆ ಬಣ್ಣ ಹಚ್ಚಿಕೊಂಡು ಬಂದರೂ ತುಪ್ಪಕ್ಕೆ ಅದು ಲೆಕ್ಕಕ್ಕಿಲ್ಲ. ಛತ್ರದವರ ಗಡಿಬಿಡಿಯಲ್ಲಿ ಇದಕ್ಕೆ ಅರ್ಧ ನಿಮಿಷವೂ ಸಿಗುವುದಿಲ್ಲ, ಹಾರ ಬದಲಾಯಿಸುವ ಫೋಟೋಕ್ಕೆ ಮುಕ್ಕಾಲು ಗಂಟೆ ಸಿಗುತ್ತದೆ. ಹಾರ ಬೇಡವೆಂದಲ್ಲ, ಮರುಮಾಂಗಲ್ಯದ ಸಂಭ್ರಮ ಮಕ್ಕಳು ಮೊಮ್ಮಕ್ಕಳಿಗೆ ಬೇಕು. ಆದರೆ ಶಾಂತಿ ನಿಂತಿರುವುದು ಅದರ ಮೇಲಲ್ಲ. ಪತಿಯೋ ಪತ್ನಿಯೋ ಇಲ್ಲದವರಿಗೆ ಈ ಕರ್ಮವೇ ಇಲ್ಲ ಎಂದುಕೊಳ್ಳುವುದು ತಪ್ಪು. ಅಮ್ಮನ ಅರವತ್ತು ಯಾರಿಗೂ ತಿಳಿಯದೆ ಕಳೆದುಹೋಗುವುದಂತೂ ನಮ್ಮ ಮನೆಗಳ ಹಳೆಯ ಲೋಪ. ಅವಳ ನಕ್ಷತ್ರ, ರಾಶಿ, ಹೆಸರು ಹೇಳಿ ಮಕ್ಕಳು ಸಂಕಲ್ಪ ಮಾಡಿ ಆಯುಷ್ಯಹೋಮ ಮಾಡಿಸಬಹುದು.

ಕಲಶಾಭಿಷೇಕದಲ್ಲಿ ಜಾಗ್ರತೆ ಬೇಕು. ಸಂವತ್ಸರ ದೇವತೆಗಳಿಗೆ ಅರವತ್ತು ಕಲಶ ಇಟ್ಟರೆ, ಕಾಲು ಲೀಟರಿನ ಚೊಂಬಾದರೂ ಒಟ್ಟು 15 ಲೀಟರ್ ತಣ್ಣೀರು ತಲೆಯ ಮೇಲೆ. ಬೆಳಿಗ್ಗೆ ತುಂಬುವಾಗಲೇ ಉಗುರುಬೆಚ್ಚಗಿನ ನೀರು ಹಾಕಿ. ಮಂಡಿನೋವಿನವರಿಗೆ ಮಣೆಯ ಬದಲು ಮರದ ಸ್ಟೂಲು, ಕಾಲಡಿಗೆ ಗೋಣಿಚೀಲ, ಒಣ ಪಂಚೆ ಸೀರೆ ಕೈಗೆಟುಕುವಂತೆ. ಎದ್ದು ನಿಲ್ಲುವಾಗ ಜಾರುವುದೇ ಹೆಚ್ಚು. ರಕ್ತದೊತ್ತಡದ ಮಾತ್ರೆಯನ್ನು ಉಪವಾಸದ ನೆಪದಲ್ಲಿ ಬಿಡಿಸಬೇಡಿ.

ದಶದಾನದಲ್ಲಿ ಗೋವು, ಭೂಮಿ, ಎಳ್ಳು, ಚಿನ್ನ, ತುಪ್ಪ, ಬಟ್ಟೆ, ಧಾನ್ಯ, ಬೆಲ್ಲ, ಬೆಳ್ಳಿ, ಉಪ್ಪು ಬರುತ್ತವೆ. ಗೋವು, ಭೂಮಿಗೆ ಪ್ರತಿಯಾಗಿ ದ್ರವ್ಯ ಕೊಡುವುದು ರೂಢಿ. ಉಳಿದದ್ದು ಉಪಯೋಗಕ್ಕೆ ಬರುವಂಥದ್ದಾಗಿರಲಿ. ದಾನಕ್ಕೆಂದೇ ಮಾರುವ ತೆಳು ಪಂಚೆಯನ್ನು ಯಾರೂ ಉಡುವುದಿಲ್ಲ.

ಮಾರ್ಕಂಡೇಯನನ್ನು ಕಾಪಾಡಿದ ಕ್ಷೇತ್ರವೆಂದು ತಮಿಳುನಾಡಿನ ತಿರುಕ್ಕಡೈಯೂರಿಗೆ ಹೋಗಿ ಶಾಂತಿ ಮಾಡಿಸುವವರು ನಮ್ಮಲ್ಲೂ ಬಹಳ. ವರ್ಧಂತಿಯ (ಹುಟ್ಟುಹಬ್ಬದ) ದಿನ ಉಗುರು ಕೂದಲು ತೆಗೆಯುವುದು, ಜಗಳ, ಪ್ರಯಾಣ ಕೂಡದೆಂದು ಧರ್ಮಶಾಸ್ತ್ರ ಹೇಳುವುದರಿಂದ, ಹಿಂದಿನ ದಿನವೇ ತಲುಪಿ ತಂಗುವುದು ಸರಿ. ರಾತ್ರಿ ಬಸ್ಸಿನಲ್ಲಿ ಬಂದಿಳಿದು ನೇರ ಸಂಕಲ್ಪಕ್ಕೆ ಕೂತರೆ ದೇಹವೂ ಒಪ್ಪದು.

ಹದಿನಾರಕ್ಕೇ ಮುಗಿಯಬೇಕಿದ್ದ ಹುಡುಗ ಮಾರ್ಕಂಡೇಯನನ್ನು ಅರವತ್ತಾದವರು ಆಯುಸ್ಸಿಗಾಗಿ ಬೇಡುತ್ತಾರೆ. ಅವನು ಹಿಡಿದಿದ್ದು ಲಿಂಗವನ್ನು, ವರ್ಷಗಳ ಲೆಕ್ಕವನ್ನಲ್ಲ. ಅವನನ್ನೂ ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮರನ್ನೂ ಪೂಜಿಸಿ, ಎಳ್ಳು ಬೆಲ್ಲ ಬೆರೆಸಿದ ಹಾಲನ್ನು ಅರ್ಧ ಬೊಗಸೆ ಕುಡಿಯಬೇಕೆಂದು ವಿಧಿ. ದೊಡ್ಡ ಶಾಂತಿ ಮಾಡಿಸಲು ಆಗದವರು ಮನೆಯಲ್ಲಿ ಇಷ್ಟನ್ನಾದರೂ ಮಾಡಬಹುದು. ಎಳ್ಳನ್ನು ಹುರಿಯದೆ ತೊಳೆದು ಹಾಕಿ, ಹಾಲು ಆರಿದ ಮೇಲೆ ಬೆಲ್ಲ ಸೇರಿಸಿ. ಕುದಿಯುವ ಹಾಲಿಗೆ ಹಾಕಿದರೆ ಒಡೆಯುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಉದ್ಧರಣೆ (ಪೂಜೆಯ ಸಣ್ಣ ಚಮಚ) ಸಾಕು.