ಆಪ್ಟಿಕಲ್ ಮಾಡ್ಯೂಲ್ ಹೋಲಿಕೆ, ಮೂರನೇ ವಾರ: ಬಿಸಿಯ ಲೆಕ್ಕ

ಆಪ್ಟಿಕಲ್ ಮಾಡ್ಯೂಲ್ ಅಂದರೆ ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟಿಗೆ ಹಾಕುವ, ವಿದ್ಯುತ್ ಸಂಕೇತವನ್ನು ಫೈಬರಿನ ಬೆಳಕಿಗೆ ಬದಲಿಸುವ ಪುಟ್ಟ ಸಾಧನ. ಹಿಂದಿನ ಎರಡು ವಾರ ಯಾವ ಮಾಡ್ಯೂಲ್ ಸೆಕೆಂಡಿಗೆ ಎಷ್ಟು ಗಿಗಾಬಿಟ್ ಅಂತ ಪಟ್ಟಿ ಮಾಡುವುದರಲ್ಲೇ ಹೋಯಿತು. ಈ ವಾರ ಎಲ್ಲವನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಕ್ಯಾಲಿಪರ್ ಹಿಡಿದು ಕೂತೆ.

ಲೇನ್ (ಡೇಟಾ ಹರಿಯುವ ಒಂದೊಂದು ದಾರಿ) ಲೆಕ್ಕ ಸುಲಭ. ಕೆಳಗೆ ಬರುವ ಎಸ್‌ಎಫ್‌ಪಿ, ಸಿಎಫ್‌ಪಿ ಥರದವೆಲ್ಲ ಮಾಡ್ಯೂಲಿನ ಬಗೆಗಳ ಹೆಸರು. ಎಸ್‌ಎಫ್‌ಪಿ+ನಲ್ಲಿ ಒಂದೇ ಲೇನ್, 10 ಗಿಗಾಬಿಟ್. ಅದೇ ಗಾತ್ರದ ಎಸ್‌ಎಫ್‌ಪಿ28ರಲ್ಲಿ 25. ಕ್ಯೂಎಸ್‌ಎಫ್‌ಪಿ28 ಅಂದರೆ ಅಂಥ ನಾಲ್ಕು ಲೇನ್, ಒಟ್ಟು 100. ಅದಕ್ಕೇ ಬ್ರೇಕ್‌ಔಟ್ ಕೇಬಲ್ (ಒಂದು ತುದಿ ನಾಲ್ಕಾಗಿ ಕವಲೊಡೆಯುವ ಕೇಬಲ್) ಹಾಕಿದರೆ ಒಂದು ಪೋರ್ಟ್ ನಾಲ್ಕು ಪೋರ್ಟ್ ಆಗುತ್ತದೆ. ಮೊದಮೊದಲು 100 ಗಿಗಾಬಿಟ್‌ಗೆ ಬಂದ ಸಿಎಫ್‌ಪಿ 82 ಮಿ.ಮೀ. ಅಗಲ ಇತ್ತು. ಕ್ಯೂಎಸ್‌ಎಫ್‌ಪಿ28 ಬರೀ 18.35!

ನನಗೆ ನಿಜವಾಗಿ ಕುತೂಹಲ ಇದ್ದದ್ದು 400 ಗಿಗಾಬಿಟ್ ಮಾಡ್ಯೂಲ್‌ಗಳ ಬಗ್ಗೆ. ಇಲ್ಲಿ ಎಂಟು ಲೇನ್, ಒಂದೊಂದರಲ್ಲೂ 50 ಗಿಗಾಬಿಟ್, ಆದರೆ ಹೊರಕವಚ ಎರಡು ಥರ: ಕ್ಯೂಎಸ್‌ಎಫ್‌ಪಿ-ಡಿಡಿ ಮತ್ತು ಓಎಸ್‌ಎಫ್‌ಪಿ. ಕೆಟ್ಟುಹೋದ ಒಂದು ಕ್ಯೂಎಸ್‌ಎಫ್‌ಪಿ-ಡಿಡಿ ಸಿಕ್ಕಿತ್ತು, ಅದರ ಹಿಂಬದಿಯ ಬೋರ್ಡಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದೆ. ಚಿನ್ನದ ಬಣ್ಣದ ಪ್ಯಾಡ್‌ಗಳು ಒಂದರ ಹಿಂದೆ ಒಂದು ಎರಡು ಸಾಲಿನಲ್ಲಿವೆ, ತಿರುಗಿಸಿದರೆ ಕೆಳಗೂ ಹಾಗೇ. ಹಳೆಯ 38ರ ಬದಲು 76 ಪ್ಯಾಡ್, ಅಗಲ ಮಾತ್ರ ಅಷ್ಟೇ. ಹೊಸ ಪೋರ್ಟಿಗೆ ಹಳೆಯ ಕ್ಯೂಎಸ್‌ಎಫ್‌ಪಿ28 ಹಾಕಿದರೆ ಒಂದು ಸಾಲು ಸುಮ್ನೆ ಖಾಲಿ ಉಳಿಯುತ್ತದೆ, ಇನ್ನೊಂದು ಸಾಲು ಕೆಲಸ ಮಾಡುತ್ತದೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅಲ್ವಾ?

ಓಎಸ್‌ಎಫ್‌ಪಿ 22.58 ಮಿ.ಮೀ. ಅಗಲ, ಹಳೆಯದು ನೇರವಾಗಿ ಕೂರುವುದಿಲ್ಲ, ಅಡಾಪ್ಟರ್ ಬೇಕು. ಆದರೆ ಅದರ ಮೈಮೇಲೇ ಹೀಟ್‌ಸಿಂಕ್ (ಬಿಸಿಯನ್ನು ಹೊರಹಾಕುವ ಲೋಹದ ಭಾಗ) ಇದೆ. ಕ್ಯೂಎಸ್‌ಎಫ್‌ಪಿ-ಡಿಡಿಯಲ್ಲಿ ಹೀಟ್‌ಸಿಂಕ್ ಇರುವುದು ಸ್ವಿಚ್ಚಿನ ಕೇಜಿನ (ಮಾಡ್ಯೂಲ್ ಕೂರುವ ಲೋಹದ ಗೂಡಿನ) ಮೇಲೆ, ಸ್ಪ್ರಿಂಗ್ ಕ್ಲಿಪ್ ಅದನ್ನು ಮಾಡ್ಯೂಲಿನ ಬೆನ್ನಿಗೆ ಒತ್ತಿ ಹಿಡಿಯುತ್ತದೆ. ಮಾಡ್ಯೂಲ್ ಜಾರಿಕೊಂಡು ಒಳಗೆ ಹೋಗಬೇಕು, ಹಾಗಾಗಿ ಥರ್ಮಲ್ ಪೇಸ್ಟ್ ಹಚ್ಚುವ ಹಾಗಿಲ್ಲ. ಲೋಹಕ್ಕೆ ಲೋಹ ಒಣದಾಗಿ ತಾಗುವ ಆ ಜಾಗದಲ್ಲೇ ಬಿಸಿ ತಡೆಯುತ್ತದೆ. 100ರ ಮಾಡ್ಯೂಲ್ 3.5 ವ್ಯಾಟ್ ಆಸುಪಾಸಿನಲ್ಲಿದ್ದಾಗ ಇದು ದೊಡ್ಡ ವಿಷಯವಲ್ಲ. 400ರಲ್ಲಿ ಒಂದೊಂದೂ 12 ವ್ಯಾಟ್ ಅಂತ ಇಟ್ಟುಕೊಂಡರೆ 32 ಪೋರ್ಟಿಗೆ 384 ವ್ಯಾಟ್ ಆಯಿತು, ಅದೂ ಬರೀ ಮುಂಭಾಗದಲ್ಲಿ, ಸ್ವಿಚ್ ಚಿಪ್‌ನ ಬಿಸಿ ಬೇರೆ. ಹಳೆಯ ಮಾಡ್ಯೂಲ್ ಜಾಸ್ತಿ ಇರುವವರಿಗೆ ಡಿಡಿ ಸರಿ. ಎಲ್ಲ ಹೊಸದಾಗಿ ಕಟ್ಟುವುದಾದರೆ ನಾನು ಓಎಸ್‌ಎಫ್‌ಪಿಯನ್ನೇ ಆರಿಸುತ್ತೇನೆ.

ಮಧ್ಯೆ ಎರಡು ದಿನ ಒಂದು ತೊಂದರೆಯಲ್ಲಿ ಕಳೆದವು. 100 ಗಿಗಾಬಿಟ್ ಎಲ್‌ಆರ್4 (ದೂರದ ಸಂಪರ್ಕದ ಮಾಡ್ಯೂಲ್) ಜೋಡಿ ಚೆನ್ನಾಗಿ ಓಡುತ್ತಿತ್ತು, ಅದೇ ಪೋರ್ಟಿಗೆ ಎಸ್‌ಆರ್4 (ಹತ್ತಿರದ ಸಂಪರ್ಕದ್ದು) ಹಾಕಿದೆ, ಲಿಂಕ್ ಬಂತು, ಆದರೆ ಸಿಆರ್‌ಸಿ ಎರರ್ (ಡೇಟಾ ಕೆಟ್ಟು ಬಂದದ್ದರ ಎಣಿಕೆ) ಏರುತ್ತಲೇ ಇತ್ತು. ಫೈಬರ್ ಒರೆಸಿದೆ, ಎಂಪಿಓ ಕೇಬಲ್ (ಹಲವು ಫೈಬರ್ ಒಟ್ಟಿಗಿರುವ ಕೇಬಲ್) ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೆ ನೋಡಿದರೆ ಎರಡೂ ಕಡೆ ಎಫ್‌ಇಸಿ (ಬಂದ ಡೇಟಾದ ತಪ್ಪನ್ನು ಸರಿಪಡಿಸುವ ವ್ಯವಸ್ಥೆ) ಆಫ್! ಎಲ್‌ಆರ್4ಗೆ ಅದು ಬೇಕಿಲ್ಲ, ಎಸ್‌ಆರ್4ಗೆ ಅದರದೇ ಒಂದು ಬಗೆಯಾದ ಆರ್‌ಎಸ್-ಎಫ್‌ಇಸಿ ಬೇಕೇ ಬೇಕು. ಆನ್ ಮಾಡಿದ ಮೇಲೆ ಎರರ್ ನಿಂತಿತು. ಹೊರಗಿನ ಆಕಾರ ಒಂದೇ ಅಂತ ಸೆಟ್ಟಿಂಗ್ ಕೂಡ ಅದೇ ಇರಲಿ ಅಂತ ಬಿಟ್ಟಿದ್ದೆ.

ಮುಂದಿನ ವಾರ ಅಕ್ಕಪಕ್ಕದ ಪೋರ್ಟ್ ಖಾಲಿ ಇದ್ದಾಗ ಮತ್ತು ತುಂಬಿದ್ದಾಗ ಇಥ್‌ಟೂಲ್‌ನಲ್ಲಿ (ಲಿನಕ್ಸ್‌ನ ನೆಟ್‌ವರ್ಕ್ ಕಮಾಂಡ್) ಮಾಡ್ಯೂಲಿನ ತಾಪಮಾನ ಓದಿ ಬರೆದಿಡುತ್ತೇನೆ.